ಕಿಲ್ಲಾರಿಯಲ್ಲಿ ಕಂಡ ಕಂಬಗಳು

ಬಸವಕಲ್ಯಾಣದಿಂದ ಹೊರಟು ಹೈದರಾಬಾದು–ಸೊಲ್ಲಾಪುರ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸಾಗಿದರೆ ಮಹಾರಾಷ್ಟ್ರದ ಉಮರ್ಗಾ ಪಟ್ಟಣ ಎದುರಾಗುತ್ತದೆ. ಅಲ್ಲಿಂದ ಉತ್ತರಕ್ಕೆ ಹೊರಳಿ ಲಾತೂರಿನ ದಾರಿ ಹಿಡಿದರೆ ಇಕ್ಕೆಲಗಳಲ್ಲಿಯೂ ಕರಿಮಣ್ಣಿನ ಹೊಲಗಳು, ತೊಗರಿ, ಜೋಳ, ಅಲ್ಲಲ್ಲಿ ಕಬ್ಬು. ಗಡಿ ದಾಟಿದೆವೆಂಬುದನ್ನು ಅಂಗಡಿಗಳ ಫಲಕಗಳು ಹೇಳಬೇಕೇ ಹೊರತು ನೆಲ ಹೇಳುವುದಿಲ್ಲ. ಊರಿಗೊಂದು ಮಠ, ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಕರಡಿಗೆ; ಕೆಲವು ಮನೆಗಳ ಒಳಗೆ ಕನ್ನಡ, ಬೀದಿಯಲ್ಲಿ ಮರಾಠಿ. ಇಂತಹ ನೆಲದ ನಡುವೆ, ಲಾತೂರಿಗೆ ದಕ್ಷಿಣದಲ್ಲಿ ಸುಮಾರು 40 ಕಿಲೋಮೀಟರು ದೂರದಲ್ಲಿ ಕಿಲ್ಲಾರಿ ಇದೆ.

ನಾವು ಅಲ್ಲಿಗೆ ಹೋದದ್ದು ಪ್ರೇಕ್ಷಣೀಯ ಸ್ಥಳವನ್ನು ನೋಡುವ ಉದ್ದೇಶದಿಂದಲ್ಲ. ಆಳಂದ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಹಿರಿಯರು ಕಟ್ಟಿಸಿದ ಒಂಬತ್ತು ಖಣದ ಮಾಳಿಗೆ ಮನೆಯೊಂದಿದೆ. ಎರಡು ಮಳೆಗಾಲಗಳ ಹಿಂದೆ ಅದರ ಹಿತ್ತಿಲ ಗೋಡೆ ಹೊಟ್ಟೆ ಬಿಟ್ಟಿತು. ಅಣ್ಣನವರು ಕೆಡವಿಬಿಡೋಣವೆಂದರು. ಅವ್ವ, ತಾನಿರುವತನಕ ಅದು ಸಾಧ್ಯವಿಲ್ಲವೆಂದಳು. ಇಬ್ಬರ ನಡುವೆ ಸಿಕ್ಕಿಕೊಂಡ ನನಗೆ ಪರಿಚಯದ ಎಂಜಿನಿಯರರೊಬ್ಬರು, “ಕೆಡವುವುದಾಗಲಿ ಉಳಿಸುವುದಾಗಲಿ, ತೀರ್ಮಾನಕ್ಕೆ ಮೊದಲು ಒಮ್ಮೆ ಕಿಲ್ಲಾರಿಗೆ ಹೋಗಿ ಬನ್ನಿ” ಎಂದು ಸಲಹೆಯಿತ್ತರು. ಆ ಮಾತಿನ ಅರ್ಥ ಅಲ್ಲಿಗೆ ಹೋದ ಮೇಲೆಯೇ ತಿಳಿಯಿತು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಂಟೆ ಇನ್ನೂ ನಾಲ್ಕಾಗಿರಲಿಲ್ಲ, ಈ ಭಾಗದ ಭೂಮಿ ನಡುಗಿತು. ಹಿಂದಿನ ರಾತ್ರಿಯಷ್ಟೇ ಗಣೇಶ ವಿಸರ್ಜನೆಯ ಸಡಗರ ಮುಗಿಸಿ ಜನರು ತಡವಾಗಿ ಮಲಗಿದ್ದರು. ಲಾತೂರು ಮತ್ತು ಅಂದಿನ ಉಸ್ಮಾನಾಬಾದು ಜಿಲ್ಲೆಗಳಲ್ಲಿ ಎಂಟು ಸಾವಿರಕ್ಕೂ ಮಿಕ್ಕಿ ಜನರು ಮಡಿದರು. ನಮ್ಮ ಬೀದರ, ಕಲಬುರ್ಗಿಗಳಲ್ಲಿಯೂ ಜನರು ಎಚ್ಚೆತ್ತು ಅಂಗಳಕ್ಕೆ ಓಡಿಬಂದದ್ದು ಹಿರಿಯರ ನೆನಪಿನಲ್ಲಿದೆ. ಭೂಕಂಪದ ಭಯ ಅತ್ಯಂತ ಕಡಿಮೆಯೆಂದು ನಕ್ಷೆಗಳಲ್ಲಿ ಗುರುತಿಸಲಾಗಿದ್ದ ಪ್ರದೇಶವಿದು. 2002ರ ಪರಿಷ್ಕರಣೆಯಲ್ಲಿ ಅದನ್ನು ಮೂರನೆಯ ವಲಯಕ್ಕೆ ಏರಿಸಲಾಯಿತು.

ಹಳೆಯ ಊರಿನ ಜಾಗದಲ್ಲಿ ಈಗ ಸ್ಮಾರಕವಿದೆ. ಹೊಸ ಕಿಲ್ಲಾರಿ ಬೇರೆಡೆ ನೆಲೆಗೊಂಡಿದೆ. ಅಗಲವಾದ ನೇರ ಬೀದಿಗಳು, ಸಾಲುಮನೆಗಳು. ಹೀಗೆ ಸ್ಥಳಾಂತರಗೊಂಡ ಹಳ್ಳಿಗಳು ಒಟ್ಟು 52. ಅಲ್ಲಿಯ ಹಿರಿಯರೊಬ್ಬರು ನಮ್ಮನ್ನು ಶರಣು ಶರಣಾರ್ಥಿಯೊಂದಿಗೆ ಬರಮಾಡಿಕೊಂಡು, ಚಹಾ ಕುಡಿಸಿ, ತಾವೇ ಕೋಲು ಹಿಡಿದು ಹಳೆಯ ಊರಿನತ್ತ ಕರೆದೊಯ್ದರು.

“ಕಾಕಾ, ನಿಮ್ಮ ಮನಿ ಎಲ್ಲಿತ್ತರೀ?” ಎಂದೆ.

ಅವರು ಪೊದೆಗಳ ನಡುವೆ ಒಂದು ಚಪ್ಪಟೆ ಕಲ್ಲನ್ನು ಕೋಲಿನಿಂದ ಮುಟ್ಟಿ ತೋರಿಸಿದರು. “ಇದು ನೋಡು ತಮ್ಮಾ, ಪಡಸಾಲಿ ಕಂಬದ ಕಲ್ಲು. ಅದರ ಬಾಜೂಕ ನಾನು, ನನ್ನ ಮಗಳು ಮಲಗಿದ್ವಿ. ಗೋಡಿ ಎಲ್ಲಾ ಬಿತ್ತು, ಕಂಬ ನಿಂತಿದ್ವು. ನಮ್ಮವ್ವ ಒಳಗಿನ ಖೋಲಿಯೊಳಗ ಗೋಡಿ ಕಡೆ ಮಲಗಿದ್ಲು.” ಮುಂದಿನದನ್ನು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವರೇ ಮುಂದುವರಿಸಿದರು: “ನಮ್ಮ ಕಂಬ ನಿಂತ್ವು ಅಂತ ಎಲ್ಲಾರ ಮನ್ಯಾಗೂ ನಿಲ್ಲಲಿಲ್ಲ. ಮಗ್ಗಲ ಮನ್ಯಾಗ ಕಂಬ ವಾಲಿ ಮಾಳಿಗಿ ಪೂರಾ ಕೂತುಬಿಡ್ತು.”

ಒಂದೇ ಓಣಿ, ಒಂದೇ ಬಗೆಯ ಕಲ್ಲು, ಒಂದೇ ಬಗೆಯ ಮರ. ಒಂದು ಮನೆಯಲ್ಲಿ ಕಂಬ ಕಾಯಿತು, ಇನ್ನೊಂದರಲ್ಲಿ ಕೈಬಿಟ್ಟಿತು. ಇದಕ್ಕೆ ಕಾರಣವೇನು?

ಈ ಭಾಗದ ಹಳೆಯ ಮನೆಗಳಿಗೂ ನಮ್ಮ ಕಡೆಯ ಮನೆಗಳಿಗೂ ಬಹಳ ಅಂತರವಿಲ್ಲ. ನಾಲ್ಕು ಕಂಬಗಳ ನಡುವಿನ ಅವಕಾಶಕ್ಕೆ ಅವರೂ ಖಣವೆನ್ನುತ್ತಾರೆ, ನಾವೂ ಖಣವೆನ್ನುತ್ತೇವೆ. ಕಲ್ಲಿನ ಮೇಲೆ ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು. ಸುತ್ತಲಿನ ಕಲ್ಲುಗೋಡೆಗಳು ಎರಡರಿಂದ ನಾಲ್ಕು ಅಡಿ ದಪ್ಪ. ನೋಡುವವರಿಗೆ ಗೋಡೆಯೇ ಮನೆಯನ್ನು ಹೊತ್ತಂತೆ ತೋರಿದರೂ ಮಾಳಿಗೆಯ ಭಾರವನ್ನು ಹೆಚ್ಚಾಗಿ ಹೊರುವುದು ಮರದ ಚೌಕಟ್ಟು. ಆದಕಾರಣ ಗೋಡೆ ಬಿದ್ದರೂ ಹಲವೆಡೆ ಕಂಬ, ತೊಲೆಗಳು ಮಾಳಿಗೆಯನ್ನು ಹೊತ್ತು ನಿಂತವು.

ಗೋಡೆಗಳ ದೋಷ ಅವುಗಳ ದಪ್ಪದಲ್ಲಿಯೇ ಅಡಗಿತ್ತು. ಒಳಮುಖಕ್ಕೊಂದು, ಹೊರಮುಖಕ್ಕೊಂದು ಕಲ್ಲಿನ ಸಾಲು. ನಡುವೆ ಚೂರುಕಲ್ಲು, ಮಣ್ಣು. ಎರಡು ಸಾಲುಗಳನ್ನು ಹಿಡಿದಿಡುವ ಉದ್ದನೆಯ ಅಡ್ಡಗಲ್ಲುಗಳಿಲ್ಲ. ನೆಲ ಅಲುಗಿದೊಡನೆ ಎರಡೂ ಮುಖಗಳು ಬೇರ್ಪಟ್ಟು, ಒಂದು ಮನೆಯೊಳಗೆ, ಇನ್ನೊಂದು ಬೀದಿಗೆ ಉರುಳಿದವು. ಗೋಡೆಯ ಎತ್ತರದಲ್ಲಿ 60 ಸೆಂಟಿಮೀಟರಿಗೊಮ್ಮೆ, ಉದ್ದದಲ್ಲಿ 1.2 ಮೀಟರಿಗೊಮ್ಮೆ ಆರಪಾರ ಅಡ್ಡಗಲ್ಲಿರಬೇಕೆಂಬುದು ಈಗಿನ ನಿಯಮ. ಇದೇ ಕಿಲ್ಲಾರಿಯಲ್ಲಿ, ಬಾಗಿಲ ಮೇಲ್ಮಟ್ಟದಲ್ಲಿ ಸುತ್ತಲೂ ಕಾಂಕ್ರೀಟಿನ ಪಟ್ಟಿ ಕಟ್ಟಿದ್ದ ಮನೆಯೊಂದು ಹಾನಿಯಿಲ್ಲದೆ ಉಳಿಯಿತು. ಪಟ್ಟಿಯಿಲ್ಲದ ಮನೆ ಗೋಡೆ, ಮಾಡುಗಳ ಸಮೇತ ಕುಸಿಯಿತು. ಎಂಜಿನಿಯರುಗಳು ಪಾಠ ಹೇಳುವಾಗ ಇಂದಿಗೂ ಈ ಜೋಡಿ ಮನೆಗಳನ್ನು ಉದಾಹರಿಸುತ್ತಾರೆ.

ಇನ್ನು ಕಂಬದ ಮಾತು. ಕಂಬ ಮೇಲಿನ ಭಾರವನ್ನು ಶತಮಾನಗಟ್ಟಲೆ ಹೊರಬಲ್ಲುದು. ಅದರ ತೊಡಕು ಇರುವುದು ಎರಡು ತುದಿಗಳಲ್ಲಿ. ಕೆಳಗೆ ಅದು ಕಲ್ಲಿನ ಮೇಲೆ ಸುಮ್ಮನೆ ಕುಳಿತಿರುತ್ತದೆ. ಮೇಲೆ ಒಂದು ಗೂಟ ತೊಲೆಯ ತೂತಿನಲ್ಲಿ ಸೇರಿರುತ್ತದೆ. ಭಾರ ನೇರವಾಗಿ ಇಳಿಯುವಾಗ ಇಷ್ಟು ಸಾಕು. ಆದರೆ ನೆಲ ಅಡ್ಡಡ್ಡ ಅಲುಗಿದಾಗ ಆ ಸಂದು ಬಾಗಿಲ ಕೀಲಿನಂತೆ ತಿರುಗುತ್ತದೆ. ಚೌಕವಾಗಿದ್ದ ಖಣ ಓರೆಯಾಗುತ್ತದೆ. ಮೇಲಿನ ಭಾರ ಹೆಚ್ಚಿದ್ದಷ್ಟೂ ಓರೆಯಾದ ಕಂಬವನ್ನು ಅದು ಇನ್ನಷ್ಟು ತಳ್ಳುತ್ತದೆ. ಎಲ್ಲಿ ಸಂದು ಬಿಗಿಯಾಗಿತ್ತೋ, ಮರ ಗಟ್ಟಿಯಾಗಿತ್ತೋ ಅಲ್ಲಿ ಚೌಕಟ್ಟು ನಿಂತಿತು; ಎಲ್ಲಿ ಸಡಿಲವಿತ್ತೋ ಅಲ್ಲಿ ಮಾಳಿಗೆ ಕುಳಿತಿತು.

ಮಾಳಿಗೆಯ ಮಣ್ಣು ಬೇಸಿಗೆಯಲ್ಲಿ ತಂಪು ಕೊಡುವುದು ನಿಜ. ಆದರೆ ಸೋರಿಕೆಗೆ ಹೆದರಿ ಪ್ರತಿವರ್ಷ ಮಳೆಗಾಲಕ್ಕೆ ಮುನ್ನ ಒಂದಿಷ್ಟು ಮಣ್ಣು ಹೊರಿಸುವುದು ನಮ್ಮಲ್ಲಿ ವಾಡಿಕೆ. ಹಳೆಯದನ್ನು ತೆಗೆಯುವ ವಾಡಿಕೆಯಿಲ್ಲ. 60 ಸೆಂಟಿಮೀಟರು ದಪ್ಪದ ಮಣ್ಣೆಂದರೆ ಒಂದೊಂದು ಚದರ ಮೀಟರಿನ ಮೇಲೂ ಸುಮಾರು ಒಂದು ಟನ್ ಭಾರ. ಆ ಭಾರದ ಕೆಳಗೆ ನಮ್ಮ ಮಕ್ಕಳು ಮಲಗುತ್ತಾರೆ.

ಭೂಕಂಪದ ನಂತರ ಈ ಸೀಮೆಯಲ್ಲಿ ಎಲ್ಲ ಹಳೆಯ ಮನೆಗಳನ್ನೂ ಕೆಡವಲಿಲ್ಲ. ಉಳಿದವನ್ನು ಭದ್ರಪಡಿಸುವ ಕ್ರಮಗಳನ್ನು ತಜ್ಞರು ರೂಪಿಸಿದರು. ಅವು ಸರಳವಾಗಿವೆ. ಮೊದಲು ಮಾಳಿಗೆಯ ಮಣ್ಣನ್ನು 20 ಸೆಂಟಿಮೀಟರಿಗೆ, ಎಂದರೆ ಗೇಣಿಗಿಂತ ತುಸು ಕಡಿಮೆಗೆ ಇಳಿಸುವುದು. ಆಮೇಲೆ ಕಂಬಕ್ಕೂ ತೊಲೆಗೂ ನಡುವೆ ಓರೆಯಾಗಿ ಒಂದು ಮರದ ತುಂಡನ್ನು ಎರಡೂ ಕಡೆ ಭದ್ರವಾಗಿ ಜೋಡಿಸುವುದು. ಚೌಕ ಓರೆಯಾಗಬಲ್ಲುದು, ತ್ರಿಕೋನ ಓರೆಯಾಗಲಾರದು. ಇಷ್ಟೇ ಇದರ ಗುಟ್ಟು. ಗೋಡೆಯಲ್ಲಿ ಅಲ್ಲಲ್ಲಿ ಕಲ್ಲು ಬಿಡಿಸಿ, ಆ ತೂತಿನಲ್ಲಿ ಕಬ್ಬಿಣದ ಸರಳಿಟ್ಟು ಕಾಂಕ್ರೀಟು ತುಂಬಿದರೆ ಅದೇ ಅಡ್ಡಗಲ್ಲಾಗುತ್ತದೆ.

ಊರಿಗೆ ಮರಳಿದ ಮೇಲೆ ಅಣ್ಣನವರನ್ನೂ ಅವ್ವನನ್ನೂ ಪಡಸಾಲೆಯಲ್ಲಿ ಕೂಡಿಸಿ ಕಂಡದ್ದನ್ನು ಹೇಳಿದೆ. ಎಂಜಿನಿಯರರನ್ನು ಕರೆಸಿದೆವು, ಬಡಿಗೇರರೂ ಬಂದರು. ತೊಲೆಗಳಿಗೆ ಟೇಕು ಕೊಟ್ಟು, ಗೋಡೆಯೊಳಗೆ ಹುದುಗಿದ್ದ ಕಂಬಗಳ ಮೇಲಿನ ಗಿಲಾವು ಬಿಡಿಸಿದಾಗ ದೇವರ ಕೋಣೆಯ ಮಗ್ಗುಲ ಕಂಬದ ಬುಡ ಗೆದ್ದಲು ತಿಂದು ಟೊಳ್ಳಾಗಿತ್ತು. ಬಡಿಗೇರರು ಉಳಿಯಿಂದ ಮೆಲ್ಲನೆ ತಟ್ಟಿದರೆ ಅದು ಹಿಡಿಯವರೆಗೂ ಒಳಗಿಳಿಯಿತು. ಆ ಗೋಡೆಯ ಬದಿಯಲ್ಲಿಯೇ ಅವ್ವನ ಮಂಚವಿತ್ತು. ಅವ್ವ ಬಹಳ ಹೊತ್ತು ಅದನ್ನೇ ನೋಡಿ, “ಇದಕ್ಕ ನಾ ದಿನಾ ವಿಭೂತಿ ಹಚ್ತಿದ್ದೆ, ಒಳಗ ಹೀಂಗ ಆಗ್ಯದ ಅಂತ ಒಮ್ಮೆರೆ ನೋಡಲಿಲ್ಲ” ಎಂದಳು.

ಆ ಕಂಬವನ್ನು ಬದಲಿಸಿದೆವು. ಉಳಿದ ಕಂಬಗಳಿಗೆ ಓರೆ ಆಸರೆಗಳನ್ನು ಕೊಡಿಸಿ, ಮೊಳೆಯನ್ನು ನೆಚ್ಚದೆ ಬೋಲ್ಟು ಹಾಕಿಸಿ, ಬುಡಗಳನ್ನು ಕಬ್ಬಿಣದ ಪಟ್ಟಿಯಿಂದ ಕಲ್ಲಿಗೆ ಬಿಗಿಸಿದೆವು. ಮಾಳಿಗೆಯಿಂದ ಇಳಿದ ಮಣ್ಣು ಎಷ್ಟೋ ಟ್ರ್ಯಾಕ್ಟರುಗಳಷ್ಟಾಗಿ ಹೊಲ ಸೇರಿತು. ಹೊಟ್ಟೆ ಬಿಟ್ಟ ಗೋಡೆಯನ್ನು ಮಾತ್ರ ಅಣ್ಣನವರ ಮಾತಿನಂತೆ ಪೂರ್ತಿ ಕೆಡವಿ, ಅಡ್ಡಗಲ್ಲಿಟ್ಟು ಹೊಸದಾಗಿ ಕಟ್ಟಿಸಿದೆವು. ಹೀಗೆ ಇಬ್ಬರ ಮಾತೂ ಅರ್ಧರ್ಧ ನಡೆಯಿತು. ಅವ್ವನ ಮಂಚ ಈಗ ಪಡಸಾಲೆಯಲ್ಲಿ, ನಡುಗಂಬಗಳ ನಡುವೆ ಇದೆ.

ಬಸವಕಲ್ಯಾಣದಲ್ಲಿ 2021ರಲ್ಲಿ ಅಡಿಗಲ್ಲಿಟ್ಟ ನೂತನ ಅನುಭವ ಮಂಟಪದ ಯೋಜನೆಯಲ್ಲಿ 770 ಕಂಬಗಳಿವೆ. ಒಂದೊಂದು ಕಂಬ ಒಬ್ಬೊಬ್ಬ ಶರಣರ ಸಂಕೇತ. ನಿಜಕ್ಕೂ ಅರ್ಥಪೂರ್ಣವಾದ ಕಲ್ಪನೆ. ಕಂಬ ಎಷ್ಟು ಎತ್ತರವಿದ್ದರೂ ಒಂಟಿಯಾಗಿ ನಿಂತರೆ ಅದು ಬರಿಯ ಮರ ಅಥವಾ ಕಲ್ಲು. ಕೆಳಗೆ ನೆಲವನ್ನೂ ಮೇಲೆ ತೊಲೆಯನ್ನೂ ಬಿಡದೆ ಹಿಡಿದಾಗಲೇ ಅದರ ಆಸರೆಯಲ್ಲಿ ಹತ್ತು ಜನ ನೆಮ್ಮದಿಯಿಂದ ಮಲಗಬಲ್ಲರು. ಮನೆತನಕ್ಕೂ ಈ ಮಾತು ಸಲ್ಲುತ್ತದೆ.

ಈ ಲೇಖನವನ್ನು ಓದುವ ಅನೇಕರ ಊರುಗಳಲ್ಲಿ ಇಂತಹ ಹಳೆಯ ಮನೆಗಳಿರಬಹುದು. ಅವುಗಳಲ್ಲಿ ವಯಸ್ಸಾದ ತಾಯಿ ತಂದೆಯರಿರಬಹುದು. ಮುಂದಿನ ಸಲ ಊರಿಗೆ ಹೋದಾಗ ಕಂಬಗಳಿಗೆ ಕೈಮುಗಿಯುವುದರ ಜೊತೆಗೆ ಅವುಗಳ ಬುಡವನ್ನೊಮ್ಮೆ ತಟ್ಟಿ ನೋಡಿ, ಮೇಲಿನ ಸಂದುಗಳತ್ತ ಕಣ್ಣು ಹಾಯಿಸಿ, ಸಂಶಯ ಬಂದರೆ ತಿಳಿದವರನ್ನು ಕರೆಸಿ. ಕಿಲ್ಲಾರಿಯ ಆ ಹಿರಿಯರು ನಮ್ಮನ್ನು ಬೀಳ್ಕೊಡುವಾಗ ಹೇಳಿದ್ದು ಇಷ್ಟೇ: “ನಮಗ ಯಾರೂ ಹೇಳಿದ್ದಿಲ್ಲ ತಮ್ಮಾ. ನೀವು ನಾಕ್ ಮಂದಿಗೆ ಹೇಳ್ರಿ.”