ಎಲ್ಲರ ಲೋಟ

ಸಂಖ್ಯಾಶಾಸ್ತ್ರ ಓದಿದವರಿಗೆಲ್ಲ ‘ಸ್ಟೂಡೆಂಟ್ಸ್ ಟಿ’ ಪರೀಕ್ಷೆ ಗೊತ್ತು. ಆ ಸ್ಟೂಡೆಂಟ್ ಯಾರೆಂಬುದು ಮಾತ್ರ ಎಂ.ಎಸ್ಸಿ. ಮುಗಿಯುವವರೆಗೂ ನನಗೆ ತಿಳಿದಿರಲಿಲ್ಲ. ತಿಳಿದದ್ದು ಅಮೆರಿಕದ ವಿಶ್ವವಿದ್ಯಾಲಯವೊಂದರ ವಿಭಾಗದಲ್ಲಿ, ಶುಕ್ರವಾರ ಸಂಜೆ, ಗಿನ್ನೆಸ್ ಬಿಯರಿನ ಕರಿ ಡಬ್ಬಿ ಹಿಡಿದು ನಿಂತಿದ್ದ ಪ್ರೊಫೆಸರೊಬ್ಬರಿಂದ.

ವಿಲಿಯಂ ಗಾಸೆಟ್ 1899ರಲ್ಲಿ ಡಬ್ಲಿನ್ನಿನ ಗಿನ್ನೆಸ್ ಕಾರ್ಖಾನೆಗೆ ಕೆಲಸಕ್ಕೆ ಸೇರಿದವನು. ಬಾರ್ಲಿಯ ನಾಲ್ಕಾರು ಮಾದರಿ ನೋಡಿ ಇಡೀ ರಾಶಿಯ ಗುಣ ಹೇಳಬೇಕಾದ ಕಷ್ಟ ಅವನದು. ನೌಕರರು ಸ್ವಂತ ಹೆಸರಲ್ಲಿ ಸಂಶೋಧನೆ ಪ್ರಕಟಿಸುವುದನ್ನು ಕಂಪನಿ ಒಪ್ಪುತ್ತಿರಲಿಲ್ಲ. ಹಾಗಾಗಿ 1908ರ ಆ ಪ್ರಬಂಧದ ಕೆಳಗೆ ‘ಸ್ಟೂಡೆಂಟ್’ ಅನ್ನುವ ಹೆಸರು. ನಮ್ಮ ಕಡೆ ರಾಗಿ ಕೊಳ್ಳುವವನು ಮೂಟೆಗೆ ಕೊಳವೆ ಚುಚ್ಚಿ, ಅಂಗೈಗೆ ಬಿದ್ದ ಹಿಡಿ ಕಾಳು ನೋಡಿ ದರ ಕಟ್ಟುತ್ತಾನಲ್ಲ, ಅದೇ ಲೆಕ್ಕ. ಅವನ ಹೆಸರಲ್ಲಿ ಪರೀಕ್ಷೆ ಇಲ್ಲ, ಅಷ್ಟೆ.

ಆ ವಿಭಾಗದಲ್ಲಿ ಶುಕ್ರವಾರ ನಾಲ್ಕಕ್ಕೆ ಎಲ್ಲರೂ ಸೇರುತ್ತಿದ್ದರು. ಬಿಯರ್ ತರುವ ಸರದಿ ಸಂಶೋಧನಾ ವಿದ್ಯಾರ್ಥಿಗಳದು. ಹೊರದೇಶದ್ದೇ ಆಗಬೇಕೆಂಬುದು ಹಳೆಯ ರೂಢಿ. ಬೆಲ್ಜಿಯಂನ ಕ್ರೈಸ್ತ ಸನ್ಯಾಸಿಗಳ ಮಠದ ಶಿಮೇ ಬರುತ್ತಿತ್ತು, 1842ರಿಂದ ಕಾಯಿಸುತ್ತಿರುವ ಚೆಕ್ ನಾಡಿನ ಪಿಲ್ಸ್‌ನರ್ ಬರುತ್ತಿತ್ತು. ಮಠದಲ್ಲಿ ಬಿಯರ್! ನಾನಂತೂ ನಂಬಲು ಎರಡು ವಾರ ತೆಗೆದುಕೊಂಡೆ. ಮಾತಿನ ನಡುವೆ ಸಿ.ಆರ್. ರಾವ್ ಹೆಸರು ಬಂದರೆ, 1920ರಲ್ಲಿ ಹಡಗಲಿಯಲ್ಲಿ ಹುಟ್ಟಿದ ಅವರು ನಮ್ಮ ರಾಜ್ಯದವರೆಂದು ಎದೆಯುಬ್ಬಿಸುತ್ತಿದ್ದೆ. ಹಡಗಲಿಗೂ ಬದನಗುಪ್ಪೆಗೂ ಎಷ್ಟು ದೂರ ಅಂತ ಅಲ್ಲಿ ಯಾರು ಕೇಳಬೇಕು?

ನಾನು ಕುಡಿಯುತ್ತಿರಲಿಲ್ಲ. ನಮ್ಮ ದೊಡ್ಡಪ್ಪನನ್ನು ಸಾರಾಯಿ ಪ್ಯಾಕೆಟ್ಟು ತಿಂದುಹಾಕಿತ್ತು. 2007ರ ಜುಲೈಯಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ಅವ್ವ, ‘ಈ ಬುದ್ಧಿ ವಸಿ ಮೊದ್ಲೇ ಬಂದಿದ್ರೆ ಭಾವ ಉಳ್ಕತಿದ್ರು’ ಅಂದಿದ್ದಳು. ವಿಮಾನ ಹತ್ತುವ ಮುಂಚೆ ನನ್ನಿಂದ ಭಾಷೆ ತೆಗೆದುಕೊಂಡಿದ್ದಳು. ಅದನ್ನು ನಾನು ಮುರಿಯಲಿಲ್ಲ. ಆದರೆ ಹೋಗದೆ ಇರುವಂತೆಯೂ ಇರಲಿಲ್ಲ. ಯಾವ ಗೈಡ್ ಬಳಿ ಹಣ ಉಳಿದಿದೆ, ಬೇಸಿಗೆಗೆ ಯಾರಿಗೆ ಕೆಲಸ ಸಿಗುತ್ತದೆ, ಯಾರ ಲೆಕ್ಕ ಎಲ್ಲಿ ಸಿಕ್ಕಿಬಿದ್ದಿದೆ ಎಂಬುದೆಲ್ಲ ಇತ್ಯರ್ಥವಾಗುತ್ತಿದ್ದದ್ದು ಆ ಎರಡು ಗಂಟೆಯಲ್ಲೇ. ಕುಡಿಯುವುದಿಲ್ಲವೆಂದು ದೂರ ಉಳಿದ ಗೆಳೆಯರು, ಮಗುವನ್ನು ಕರೆತರಲು ಐದಕ್ಕೇ ಓಡುವ ಹೆಂಗಸರು ಇದೆಲ್ಲವನ್ನೂ ಸೋಮವಾರ ಹಳಸಲಾಗಿ ಕೇಳುತ್ತಿದ್ದರು. ಸಮಾನರ ಕೂಟ ಎಂದು ಅವರು ಕರೆದುಕೊಳ್ಳುತ್ತಿದ್ದದ್ದು ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ.

ಆದರೂ ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಲೋಟ. ಮೇಜಿನ ಮೇಲೆ ಒಂದರೊಳಗೊಂದು ಪೇರಿಸಿಟ್ಟ ಕೆಂಪು ಪ್ಲಾಸ್ಟಿಕ್ ಲೋಟಗಳು. ವಿಭಾಗದ ಮುಖ್ಯಸ್ಥರೂ ಅದರಲ್ಲೇ, ಕಸ ಗುಡಿಸಲು ಬರುವಾತನೂ ಅದರಲ್ಲೇ, ಸೋಡಾ ಕುಡಿಯುವ ನಾನೂ ಅದರಲ್ಲೇ. ಇದರಲ್ಲೇನು ವಿಶೇಷ ಅನ್ನಿಸಬಹುದು. ಅಪ್ಪನ ಕಾಲಕ್ಕೆ ನಮ್ಮ ಕಡೆಯ ಟೀ ಅಂಗಡಿಗಳಲ್ಲಿ ನಮ್ಮ ಕೇರಿಯವರಿಗೆ ಬೇರೆ ಲೋಟ. ಸೂರಿಗೆ ಸಿಕ್ಕಿಸಿಟ್ಟಿರುತ್ತಿತ್ತು, ಕುಡಿದ ಮೇಲೆ ನಾವೇ ತೊಳೆದಿಡಬೇಕು. ಮುಂದೆ ಕಾನೂನಿನ ಭಯ ಬಂದಾಗ ಕೆಲವು ಅಂಗಡಿಯವರು ಜಾಣರಾದರು: ನಮಗೆ ಪ್ಲಾಸ್ಟಿಕ್ಕು, ಮಿಕ್ಕವರಿಗೆ ಗಾಜು.

ಒಂದು ಭಾನುವಾರ ಫೋನಿನಲ್ಲಿ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಗಾಸೆಟ್ಟನ ಕತೆ ಅವರಿಗೆ ರುಚಿಸಲಿಲ್ಲ. ಮಠದ ಬಿಯರಿಗೆ ನಕ್ಕರು. ಲೋಟದ ವಿಷಯಕ್ಕೆ ಸುಮ್ಮನಾದರು.

‘ಕುಡುದ್ ಮ್ಯಾಲೆ ಯಾರ್ ತೊಳ್ದಾರು ಮೊಗ?’

‘ಯಾರೂ ತೊಳಿಯಲ್ಲ ಕನಪ್ಪ. ಬಿಸಾಕ್ತೀವಿ.’

‘ಎಲ್ಲಾರ್ದೂವೆ?’

‘ಎಲ್ಲಾರ್ದೂವೆ.’