ಭೂಸನೂರಿನ ಸಕ್ಕರೆ, ಪುತ್ತೂರಿನ ಕೋಕೋ

ಕಲಬುರಗಿಯನ್ನು ಬಿಟ್ಟ ಬಸ್ಸು ಆಳಂದದ ದಾರಿ ಹಿಡಿದು ಊರಿನ ಗದ್ದಲವನ್ನು ಹಿಂದಿಕ್ಕಿತೆಂದರೆ, ಎರಡೂ ಮಗ್ಗುಲಿಗೆ ಕಪ್ಪು ನೆಲ ಹಾಸಿಕೊಳ್ಳುತ್ತದೆ. ಎಳ್ಳ ಅಮಾವಾಸ್ಯೆಯ ಮುಂಚಿನ ದಿನಗಳು. ತೊಗರಿ ಕಾಯಿಗಟ್ಟಿ ಒಣಗತೊಡಗಿತ್ತು. ಬಿಳಿಜೋಳ ಗಾಳಿಗೆ ತಲೆದೂಗುತ್ತಿತ್ತು. ಅಲ್ಲಲ್ಲಿ ಬಾವಿಯ ನೀರಿರುವ ಹೊಲಗಳಲ್ಲಿ ಕಬ್ಬು ಗೋಡೆಯಂತೆ ಎದ್ದು ನಿಂತಿತ್ತು. ದಾರಿಯುದ್ದಕ್ಕೂ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು. ನಮ್ಮ ಬಸ್ಸಿನ ಚಾಲಕ ಅವುಗಳ ಹಿಂದೆ ತಾಳ್ಮೆಯಿಂದ ತೆವಳುತ್ತಿದ್ದ. ಮುಂದಿನ ಟ್ರೈಲರಿನಿಂದ ಉದುರಿದ ಜಲ್ಲೆಗಳನ್ನು ಹುಡುಗರು ಓಡಿಬಂದು ಎತ್ತಿಕೊಂಡು ಹೋಗುವುದನ್ನು ನೋಡುತ್ತ ಪ್ರಯಾಣಿಕರಾರೂ ಬೇಸರಿಸಲಿಲ್ಲ.

ಭೂಸನೂರು ಹತ್ತಿರವಾಯಿತೆಂಬುದನ್ನು ಕಣ್ಣಿಗಿಂತ ಮೊದಲು ಮೂಗು ತಿಳಿಸುತ್ತದೆ. ಕಾದ ಬೆಲ್ಲದ್ದೂ ಹುಳಿತ ಹಣ್ಣಿನದೂ ಬೆರೆತಂಥ ಆ ವಾಸನೆ ಕಾಕಂಬಿಯದು. ಹೊಸಬರಿಗೆ ತಲೆ ತಿರುಗಿಸುತ್ತದೆ. ಊರವರಿಗೆ ಅದರ ಪರಿವೆಯೇ ಇಲ್ಲ. ಚಾಲುಕ್ಯರ ಕಾಲದಲ್ಲಿ ಈ ನಾಡು ಆಳಂದೆ ಸಾಸಿರವೆಂದು ಶಾಸನಗಳಲ್ಲಿ ಹೆಸರಾಗಿತ್ತು. 1948ರವರೆಗೆ ನಿಜಾಮನ ಸಂಸ್ಥಾನದಲ್ಲಿದ್ದು 1956ರ ನವೆಂಬರ್ ಒಂದರಂದು ಕನ್ನಡ ರಾಜ್ಯವನ್ನು ಸೇರಿತು. ಮಹಾರಾಷ್ಟ್ರದ ಗಡಿ ಕೂಗಳತೆಯಲ್ಲಿರುವುದರಿಂದ ಇಲ್ಲಿನ ಮಾತಿನಲ್ಲಿ ಮರಾಠಿಯೂ ಉರ್ದುವೂ ಧಾರಾಳವಾಗಿ ಕೂಡಿಕೊಂಡಿವೆ. ಆದರೆ ಭೂಸನೂರನ್ನು ದೂರದವರಿಗೆ ಪರಿಚಯಿಸಿದ್ದು ಶಾಸನವಲ್ಲ, ಸಕ್ಕರೆಯ ಕಾರ್ಖಾನೆ. ಸಹಕಾರಿ ಸಂಘವಾಗಿ ಹುಟ್ಟಿದ ಅದು ಬಳಿಕ ಖಾಸಗಿ ಕಂಪನಿಯ ಕೈಗೆ ಗುತ್ತಿಗೆಗೆ ಹೋಯಿತು.

ನನ್ನ ಅಕ್ಕನನ್ನು ಈ ಊರಿಗೆ ಕೊಟ್ಟಿದೆ. ನಾನು ಬಂದದ್ದು ಹಬ್ಬಕ್ಕೆ. ಜೊತೆಗೆ ಅಕ್ಕನ ಮಗಳ ಕರೆಯೂ ಇತ್ತು. ಕಲಬುರಗಿಯ ಕಾಲೇಜಿನಲ್ಲಿ ಓದುವ ಆಕೆ, ತರಗತಿಯ ಪ್ರವಾಸಕ್ಕೆ ಹಣ ಕೂಡಿಸಲೆಂದು ನಡೆಯುವ ತಿಂಡಿಯ ಮೇಳದಲ್ಲಿ ಮೂರು ಕಿಲೋ ಚಾಕೊಲೇಟ್ ಫಜ್ ಮಾಡಿ ತರುತ್ತೇನೆಂದು ಒಪ್ಪಿಕೊಂಡುಬಿಟ್ಟಿದ್ದಳು. ತಾನು ಕೂಡಿಟ್ಟ ದುಡ್ಡಿನಿಂದ ಕೋಕೋ ಪುಡಿಯನ್ನೂ ಕೊಂಡಾಗಿತ್ತು. ಮಾಡುವ ಬಗೆ ಮಾತ್ರ ಗೊತ್ತಿರಲಿಲ್ಲ. “ಚಿಗವ್ವಾ, ನೀ ಬುಕ್ ತಗೊಂಡು ಬಾ” ಎಂದು ಫೋನಿನಲ್ಲಿ ಹೇಳಿದ್ದಳು.

ಹೆಣ್ಣುಮಕ್ಕಳ ಕಾಲೇಜಿಗೂ ಈ ತಿಂಡಿಗೂ ಇರುವ ನಂಟು ಹಳೆಯದು. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 1886ರಲ್ಲಿ ಫಜ್ ಪೌಂಡಿಗೆ ನಲವತ್ತು ಸೆಂಟಿನಂತೆ ಮಾರಾಟವಾಗುತ್ತಿತ್ತೆಂದು ಎಮಿಲಿನ್ ಹಾರ್ಟ್‌ರಿಜ್ ಎಂಬಾಕೆ ಪತ್ರವೊಂದರಲ್ಲಿ ಬರೆದಿದ್ದಾಳೆ. ವ್ಯಾಸರ್ ಮಹಿಳಾ ಕಾಲೇಜಿನ ವಿದ್ಯಾರ್ಥಿನಿಯಾಗಿದ್ದ ಆಕೆ ಆ ಪಾಕವಿಧಾನವನ್ನು ಸಂಪಾದಿಸಿ, 1888ರಲ್ಲಿ ಕಾಲೇಜಿನ ಹರಾಜಿಗೆಂದು ಮೂವತ್ತು ಪೌಂಡು, ಅಂದರೆ ಹದಿಮೂರು ಕಿಲೋಗೂ ಮಿಕ್ಕಿ ಫಜ್ ತಯಾರಿಸಿದಳು. ಅಲ್ಲಿಂದ ಅದು ಇತರ ಮಹಿಳಾ ಕಾಲೇಜುಗಳ ವಸತಿಗೃಹಗಳಿಗೂ ಹಬ್ಬಿತು. ಈ ಕಥೆಯನ್ನು ಕೇಳಿ ನಮ್ಮ ಹುಡುಗಿಗೆ ಧೈರ್ಯ ಬಂತು. ಅಕ್ಕ ಮಾತ್ರ, “ಆಕಿ ಮೂವತ್ತು ಪೌಂಡ್ ಮಾಡೂ ಮೊದಲ ಎಷ್ಟು ಕೆಡಿಸಿದ್ದಳು, ಅದನ್ನ ಬರ್ದಾಳೇನು?” ಎಂದು ಕೇಳಿದಳು.

ಮರುದಿನ ಕಾರ್ಖಾನೆಯನ್ನು ನೋಡಿ ಬಂದೆವು. ಕಬ್ಬಿನ ಗಾಡಿ ಮೊದಲು ಕಾಟಾದ ಮೇಲೆ ತೂಗಿಸಿಕೊಳ್ಳಬೇಕು. ಕಡಿದ ಕಬ್ಬು ದಿನ ಕಳೆದಂತೆ ಒಣಗಿ ತೂಕವನ್ನೂ ಸಿಹಿಯನ್ನೂ ಕಳೆದುಕೊಳ್ಳುವುದರಿಂದ, ಸರತಿಯಲ್ಲಿ ನಿಂತ ರೈತನಿಗೆ ಒಂದೊಂದು ಗಂಟೆಯೂ ಲೆಕ್ಕ. ಒಳಗೆ ಗಾಣಗಳು ರಸವನ್ನು ಹಿಂಡುತ್ತವೆ. ಸುಣ್ಣವೂ ಗಂಧಕದ ಹೊಗೆಯೂ ಅದರ ಕೊಳೆಯನ್ನು ತೆಗೆಯುತ್ತವೆ. ಉಳಿದದ್ದು ಕಾದು ಕಾದು ಮಂದವಾಗುತ್ತದೆ. ಹತ್ತು ಕ್ವಿಂಟಲ್ ಕಬ್ಬಿಗೆ ಒಂದು ಕ್ವಿಂಟಲ್ ಸಕ್ಕರೆಯೆಂಬುದು ಸ್ಥೂಲವಾದ ಲೆಕ್ಕ.

ನನ್ನ ಕಾಲು ಕಟ್ಟಿಹಾಕಿದ್ದು ಪಾಕ ಕುದಿಯುವ ಪ್ಯಾನ್‌ಗಳ ಅಟ್ಟ. ಮನೆಯಷ್ಟು ದೊಡ್ಡ ಆ ಹಂಡೆಗಳಿಂದ ಗಾಳಿಯನ್ನು ಹೀರಿ ತೆಗೆದಿರುವುದರಿಂದ ಪಾಕ ಎಪ್ಪತ್ತು ಡಿಗ್ರಿಯ ಒಳಗೇ ಕುದಿಯುತ್ತದೆ, ಸೀಯುವುದಿಲ್ಲ. ನುಣ್ಣನೆಯ ಸಕ್ಕರೆಪುಡಿಯನ್ನು ಬೀಜವೆಂದು ಅದರೊಳಗೆ ಬಿಡುತ್ತಾರೆ. ಆ ಬೀಜದ ಸುತ್ತ ಸಕ್ಕರೆ ಕಟ್ಟುತ್ತ ಹರಳು ಬೆಳೆಯುತ್ತದೆ. ಅಲ್ಲಿದ್ದ ಪ್ಯಾನ್‌ಮನ್ ಸಲಾಕೆಯಿಂದ ಒಂದಿಷ್ಟು ಪಾಕ ತೆಗೆದು ಗಾಜಿನ ತುಂಡಿಗೆ ಸವರಿ, ದೀಪಕ್ಕೆ ಹಿಡಿದು ತೋರಿಸಿದರು. ಸಣ್ಣ ಹರಳುಗಳು ಮಿನುಗಿದವು. “ಹುಟ್ಟಿದ ಕಾಳ ದೊಡ್ಡದಾಗಬೇಕ್ರಿ, ನಡುವ ಹೊಸಾ ಕಾಳ ಹುಟ್ಟಬಾರದು. ಅಷ್ಟs ನೋಡ್ರಿ ನಮ್ಮ ಕೆಲಸ” ಎಂದರು.

ನಾವು ಮಾಡಹೊರಟಿದ್ದುದು ಇದಕ್ಕೆ ತೀರ ವಿರುದ್ಧವಾದ ಕೆಲಸವೆಂಬುದು ಆಗ ನನಗೆ ಹೊಳೆಯಲೇ ಇಲ್ಲ.

ಸಾಮಗ್ರಿ ಹೆಚ್ಚೇನಿಲ್ಲ. ನಾನೂರು ಗ್ರಾಂ ಸಕ್ಕರೆ, ಐವತ್ತು ಗ್ರಾಂ ಸಿಹಿಯಿಲ್ಲದ ಕೋಕೋ ಪುಡಿ, ಒಂದು ಲೋಟ, ಎಂದರೆ ಇನ್ನೂರು ಮಿಲಿಲೀಟರ್ ಗಟ್ಟಿ ಹಾಲು, ಎರಡು ದೊಡ್ಡ ಚಮಚ ಬೆಣ್ಣೆ, ಒಂದು ಚಮಚ ಜೇನು, ಚಿಟಿಕೆ ಉಪ್ಪು. ಇದರಿಂದ ಅರ್ಧ ಕಿಲೋದಷ್ಟು ಆಗುತ್ತದೆ. ಸಕ್ಕರೆ ಊರಿನದು, ಹಾಲು ಮನೆಯ ಎಮ್ಮೆಯದು. ಕೋಕೋ ಒಂದೇ ಪರಸ್ಥಳದ್ದು. ಆದರೆ ಅದೂ ಕನ್ನಡ ನಾಡಿನದೇ ಆಗಿರಬಹುದೆಂಬುದನ್ನು ಉತ್ತರದ ನಮ್ಮ ಜಿಲ್ಲೆಗಳಲ್ಲಿ ಬಹಳ ಮಂದಿ ಅರಿಯರು. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲಿ ಕೋಕೋ ಗಿಡ ಬೆಳೆಯುತ್ತದೆ. ಕಾಯಿ ಕಾಂಡಕ್ಕೇ ಅಂಟಿಕೊಂಡು ಬಿಡುತ್ತದೆ. 1980ರ ಸುಮಾರಿಗೆ ಬೆಲೆ ಕುಸಿದು ಕೊಳ್ಳುವವರೇ ಇಲ್ಲದಾದಾಗ, 1973ರಲ್ಲಿ ಅಡಿಕೆ ಬೆಳೆಗಾರರಿಗಾಗಿ ಹುಟ್ಟಿದ್ದ ಕ್ಯಾಂಪ್ಕೋ ಸಹಕಾರಿ ಸಂಸ್ಥೆ ಕೋಕೋವನ್ನೂ ಕೊಳ್ಳತೊಡಗಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಹುಡುಗಿ ತಂದಿದ್ದ ಪುಡಿ ಅಲ್ಲಿಯದೇ.

ಮೊದಲ ಒಬ್ಬೆ ಕೆಟ್ಟಿತು. ಪುಸ್ತಕ ನನ್ನ ಕೈಯಲ್ಲಿತ್ತು. ಆದ್ದರಿಂದ ತಪ್ಪು ನನ್ನದೇ. ಖವಾ ಕಾಸುವಾಗ, ಹಲ್ವಾ ಮಗುಚುವಾಗ ಕೈಬಿಡದೆ ತಿರುವಬೇಕೆಂದು ನಮ್ಮ ಅಡಿಗೆಮನೆಗಳು ಕಲಿಸಿವೆ. ಅದನ್ನೇ ಮಾಡಿದೆವು. ಪಾಕ ನೂರಹದಿನೈದು ಡಿಗ್ರಿಗೆ ಬರಬೇಕೆಂದು ಪುಸ್ತಕದಲ್ಲಿತ್ತು. ಮನೆಯಲ್ಲಿದ್ದುದು ಜ್ವರ ನೋಡುವ ಥರ್ಮಾಮೀಟರ್. ಕಣ್ಣಂದಾಜಿನಿಂದ ಇಳಿಸಿ, ಬಿಸಿಯಿರುವಾಗಲೇ ಬೆಣ್ಣೆ ಹಾಕಿ ಬಲವಾಗಿ ಕಡೆದು ತಟ್ಟೆಗೆ ಸುರಿದೆವು. ಆರಿದ ಮೇಲೆ ಬಾಯಿಗಿಟ್ಟರೆ ಹುರಿಯದ ರವೆಯನ್ನು ಅಗಿದಂತೆ ಕರಕರ ಎಂದಿತು. ಹುಡುಗಿ ಮಾತಾಡದೆ ಉಳಿದ ಕೋಕೋವನ್ನು ತೂಗಿ ನೋಡಿದಳು. ಆರು ಒಬ್ಬೆಗೆಂದು ತಂದಿದ್ದುದು ಇನ್ನು ಐದಕ್ಕಿತ್ತು. ಅವಳ ಕಣ್ಣು ತುಂಬಿಬಂದವು.

ಪಡಸಾಲೆಯಲ್ಲಿ ಕುಳಿತು ತೊಗರಿಬೇಳೆಯನ್ನು ಕೈಯಿಂದ ಸವರಿ ಕಲ್ಲು ಆರಿಸುತ್ತಿದ್ದ ಆಯಿ ಆಗ ಮಾತೆತ್ತಿದರು.

ಆಯಿ ಎಂದರೆ ಅಕ್ಕನ ಅತ್ತೆ. ಅವರ ತೌರಿನಲ್ಲಿ ಕಬ್ಬಿನ ಗಾಣವಿತ್ತು. ಕೊಪ್ಪರಿಗೆಯ ಬಳಿ ಬೆಳೆದವರು. ಸಂಕ್ರಾಂತಿಗೆ ಅವರು ಮಾಡುತ್ತಿದ್ದ ಕುಸುರೆಳ್ಳು ಓಣಿಯಲ್ಲೆಲ್ಲ ಹೆಸರಾಗಿತ್ತು. ಸಕ್ಕರೆಯ ಊರಿನಲ್ಲಿ ಸಕ್ಕರೆಯ ಕಾಯಿಲೆಯೇ ಆಕೆಗೆ ತಗಲಿ, ವರ್ಷವರ್ಷಕ್ಕೂ ಕಣ್ಣಿನ ಬೆಳಕನ್ನು ಕಸಿದುಕೊಂಡಿತು. ಹಿಂದಿನ ವರ್ಷ ಒಲೆಯ ಬಳಿ ಸೆರಗಿಗೆ ಬೆಂಕಿ ತಗಲಿತು. ಅಕ್ಕ ಓಡಿಬಂದು ಆರಿಸಿದ್ದರಿಂದ ಅನಾಹುತವಾಗಲಿಲ್ಲ. ಅಂದಿನಿಂದ ಆಯಿಗೆ ಅಡಿಗೆಮನೆ ನಿಷಿದ್ಧವಾಯಿತು. ಆ ಸಂಕ್ರಾಂತಿಗೆ ಕುಸುರೆಳ್ಳು ಅಂಗಡಿಯಿಂದ ಬಂತು. “ಇನ್ನು ಅವರನ್ನು ಒಲೆಯ ಹತ್ತಿರ ಬಿಡಬೇಡ” ಎಂದು ಅಕ್ಕನಿಗೆ ಮೊದಲು ಬುದ್ಧಿ ಹೇಳಿದವಳು ನಾನೇ. ಆ ಮಾತು ಆಯಿಯ ಕಿವಿಗೂ ಬಿದ್ದಿತ್ತೆಂದು ಬಳಿಕ ತಿಳಿಯಿತು.

“ಕುದಿಯೂ ಮುಂದ ಯಾಕ ತಿರುವ್ಲಾಕತ್ತಿದ್ರಿ?” ಎಂದು ಕೇಳಿದರು. “ಸಪ್ಪಳ ಕೇಳ್ಲಾಕತ್ತಿದ್ದೆ. ಸಕ್ಕರಿ ಕರಗೂ ತನಾ ತಿರುವಬೇಕು. ಕುದಿ ಬಂದ ಮ್ಯಾಲ ಕೈ ತಗೀಬೇಕು. ಆರಿದ ಮ್ಯಾಲ ಮತ್ತ ಕೈ ಹಚ್ಚಬೇಕು.”

ಪುಸ್ತಕ ತೆರೆದು ನೋಡಿದೆ. ಅಲ್ಲಿಯೂ ಹಾಗೆಯೇ ಇತ್ತು. ನಾನು ಓದಿಯೂ ನಂಬಿರಲಿಲ್ಲ. ಕುದಿದು ಮಂದವಾದ ಪಾಕದಲ್ಲಿ ನೀರು ಹಿಡಿದಿಡಬಲ್ಲುದಕ್ಕಿಂತ ಹೆಚ್ಚು ಸಕ್ಕರೆ ಇರುತ್ತದೆ. ಅದು ಹರಳಾಗಲು ನೆಪ ಹುಡುಕುತ್ತಿರುತ್ತದೆ. ಪಾತ್ರೆಯ ಅಂಚಿಗೆ ಅಂಟಿದ ಒಂದು ಕಾಳು ಸಕ್ಕರೆ ಬಿದ್ದರೆ ಸಾಕು, ಬಿಸಿಯಲ್ಲಿ ಸೌಟು ಆಡಿಸಿದರೂ ಸಾಕು. ಕೆಲವೇ ಹರಳುಗಳು ಹುಟ್ಟಿ ದೊಡ್ಡವಾಗಿ ಬೆಳೆಯುತ್ತವೆ. ಕಾರ್ಖಾನೆಗೆ ಬೇಕಾದದ್ದು ಅದೇ. ಫಜ್‌ಗೆ ಬೇಕಾದದ್ದು ಲೆಕ್ಕವಿಲ್ಲದಷ್ಟು ಹರಳುಗಳು ಒಮ್ಮೆಗೇ ಹುಟ್ಟಿ, ನಾಲಿಗೆಗೆ ತಿಳಿಯದಷ್ಟು ಸಣ್ಣವಾಗಿಯೇ ಉಳಿಯುವುದು. ಆದ್ದರಿಂದಲೇ ಪಾಕ ತಣ್ಣಗಾಗುವವರೆಗೆ ಅದನ್ನು ಮುಟ್ಟದೆ ಬಿಟ್ಟು, ಆಮೇಲೆ ಬಿಡದೆ ಕಡೆಯಬೇಕು. ಜೇನು ಹಾಕುವುದೂ ಹರಳು ಬೆಳೆಯುವುದಕ್ಕೆ ಅಡ್ಡಬರಲೆಂದೇ.

ಎರಡನೆಯ ಒಬ್ಬೆಗೆ ಹುಡುಗಿ ಆಯಿಯ ಕೈಹಿಡಿದು ಅಡಿಗೆಮನೆಗೆ ಕರೆತಂದಳು. ಅಕ್ಕ ನನ್ನ ಮುಖ ನೋಡಿದಳು. ನಾನು ಪಾತ್ರೆಯನ್ನು ನೋಡಿದೆ. ಒಲೆಯಿಂದ ಎರಡು ಮಾರು ದೂರದಲ್ಲಿ ಮಣೆ ಹಾಕಿ ಕೂರಿಸಿದೆವು. ದಪ್ಪ ತಳದ ಪಾತ್ರೆಯಲ್ಲಿ ಸಕ್ಕರೆ, ಕೋಕೋ, ಉಪ್ಪು, ಹಾಲು, ಜೇನು ಎಲ್ಲವನ್ನೂ ಕೂಡಿಸಿ ಸಣ್ಣ ಉರಿಯಲ್ಲಿ, ಕಾಳು ತಗಲದಂತಾಗುವವರೆಗೆ ತಿರುವಿ ಕರಗಿಸಿದೆವು. ಅಂಚನ್ನು ಒದ್ದೆ ಬಟ್ಟೆಯಿಂದ ಒರೆಸಿದೆವು. ಕುದಿ ಬಂದ ಮೇಲೆ ಸೌಟನ್ನು ಹೊರಗಿಟ್ಟೆವು. ಸುಮ್ಮನೆ ನಿಲ್ಲುವುದು ಎಷ್ಟು ಕಷ್ಟವೆಂಬುದು ಆಗ ತಿಳಿಯಿತು. ತಳ ಹಿಡಿಯುವುದೆಂಬ ಭಯವಿದ್ದರೆ ಉರಿಯನ್ನು ತಗ್ಗಿಸಬೇಕಲ್ಲದೆ ಸೌಟಿಗೆ ಕೈಹಾಕಬಾರದು.

ಹರವಿಯ ತಣ್ಣೀರನ್ನು ಬಟ್ಟಲಿಗೆ ಹಾಕಿ ಆಯಿಯ ಮುಂದಿಟ್ಟೆವು. ಹುಡುಗಿ ಆಗಾಗ ಒಂದೊಂದು ತೊಟ್ಟು ಪಾಕವನ್ನು ಅದರೊಳಗೆ ಬಿಡುತ್ತಿದ್ದಳು. ಆಯಿ ಬೆರಳಿನಿಂದ ಹುಡುಕಿ ನೋಡುತ್ತಿದ್ದರು. ಮೊದಲನೆಯದು ನೀರಿನಲ್ಲೇ ಕರಗಿಹೋಯಿತು. ಎರಡನೆಯದು ಎಳೆಯಾಗಿ ಹರಿದಾಡಿತು. ನಾಲ್ಕನೆಯ ಸಲ ಬೆರಳ ತುದಿಯಲ್ಲಿ ಕೂಡಿಬಂದು ಉಂಡೆಯಾಗಿ, ನೀರಿನಿಂದ ಮೇಲೆತ್ತಿದೊಡನೆ ಮೆತ್ತಗೆ ಚಪ್ಪಟೆಯಾಯಿತು. “ಉಂಡಿ ಆಗ್ಯಾದ. ಇಳಸು” ಎಂದರು. ಸಮುದ್ರಮಟ್ಟಕ್ಕಿಂತ ನಾನೂರೈವತ್ತು ಮೀಟರಿನಷ್ಟು ಎತ್ತರದ ಈ ನೆಲದಲ್ಲಿ ನೀರು ನೂರಕ್ಕಿಂತ ಒಂದೂವರೆ ಡಿಗ್ರಿ ಮುಂಚೆಯೇ ಕುದಿಯುತ್ತದೆ. ಪುಸ್ತಕದ ಅಂಕಿಯಿಂದ ಅಷ್ಟನ್ನು ಕಳೆಯಬೇಕು. ಆಯಿಯ ಬೆರಳಿಗೆ ಆ ಲೆಕ್ಕದ ಅಗತ್ಯವಿರಲಿಲ್ಲ.

ಬೆಣ್ಣೆಯನ್ನು ಮೇಲಿಟ್ಟು, ಕದಡದೆ, ಪಾತ್ರೆಯ ತಳ ಅಂಗೈಗೆ ಉಗುರುಬೆಚ್ಚಗಾಗುವವರೆಗೆ ಕಾದೆವು. ಮುಕ್ಕಾಲು ಗಂಟೆಗೂ ಹೆಚ್ಚೇ ಹಿಡಿಯಿತು. ಅದು ಚಳಿಗಾಲ, ನೆರಳಿನಲ್ಲೇ ನಲವತ್ತು ಡಿಗ್ರಿ ದಾಟುವ ಇಲ್ಲಿನ ಬೇಸಿಗೆಯಲ್ಲಿ ಈ ತಿಂಡಿಗೆ ಕೈಹಾಕುವವರು ಪಾತ್ರೆಯನ್ನು ತಣ್ಣೀರಿನಲ್ಲಿ ಕೂರಿಸಲೇಬೇಕು. ಬಳಿಕ ಮರದ ಸೌಟು ಹಿಡಿದು ಕಡೆಯತೊಡಗಿದೆವು. ಹುಡುಗಿ ದಣಿದಾಗ ನಾನು, ನಾನು ದಣಿದಾಗ ಅಕ್ಕ. ಹೊಳೆಯುವ ಕಪ್ಪು ಪಾಕ ಬರಬರುತ್ತ ಬಿಗಿಯಾಯಿತು. “ಸಪ್ಪಳ ಬದಲಾತು, ನೋಡ್ರಿ” ಎಂದು ಆಯಿ ಹೇಳಿದ ಕ್ಷಣದಲ್ಲೇ ಮೇಲಿನ ಹೊಳಪು ಮಾಸಿತು. ತಡಮಾಡಿದ್ದರೆ ಪಾತ್ರೆಯಲ್ಲೇ ಗಟ್ಟಿಯಾಗುತ್ತಿತ್ತು. ತುಪ್ಪ ಸವರಿದ ತಟ್ಟೆಗೆ ಸುರಿದು, ಬೆಚ್ಚಗಿರುವಾಗಲೇ ಚಾಕುವಿನಿಂದ ಗೆರೆ ಎಳೆದೆವು.

ಇದು ಧಾರವಾಡದ ಪೇಢೆಗೂ ಬೆಳಗಾವಿಯ ಕುಂದಾಕ್ಕೂ ದಾಯಾದಿಯೇ. ಆದರೆ ಅವುಗಳಲ್ಲಿ ಹಾಲಿನ ದೊರೆತನ, ಇದರಲ್ಲಿ ಸಕ್ಕರೆಯದು. ಕೋಕೋವಿನ ಕಹಿ ಇಲ್ಲದಿದ್ದರೆ ಎರಡನೆಯ ತುಂಡನ್ನು ತಿನ್ನಲಾಗದು.

ಕೆಟ್ಟುಹೋದ ಮೊದಲ ಒಬ್ಬೆಯನ್ನೂ ಬಿಡಲಿಲ್ಲ. ಅರ್ಧ ಲೋಟ ನೀರು ಹಾಕಿ ಪೂರ್ತಿ ಕರಗಿಸಿ, ಮೊದಲಿನಿಂದ ಕುದಿಸಿದೆವು. ಎರಡನೆಯದರಷ್ಟು ನುಣುಪಲ್ಲದಿದ್ದರೂ ಮಾರಬಹುದಾದಷ್ಟು ಚೆನ್ನಾಗಿ ಬಂತು. ಎರಡು ದಿನಗಳಲ್ಲಿ ಆರು ಒಬ್ಬೆ ಮುಗಿದು ಮೂರು ಕಿಲೋ ತುಂಬಿತು. ಪ್ರತಿಯೊಂದಕ್ಕೂ ಬಟ್ಟಲು ಆಯಿಯ ಮುಂದೆಯೇ ಇತ್ತು.

ಕೊನೆಯ ಸಂಜೆ ಹುಡುಗಿ ಒಂದು ತುಂಡನ್ನು ಆಯಿಯ ಕೈಗಿಟ್ಟಳು. ಅಕ್ಕ ಬೇಡವೆನ್ನಲು ಬಾಯಿ ತೆರೆದು ಸುಮ್ಮನಾದಳು. ಆಯಿ ಸಾಸಿವೆಯಷ್ಟನ್ನು ಮುರಿದು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತಿಕ್ಕಿದರು. ತಿನ್ನಲಿಲ್ಲ. “ರವಾ ಇಲ್ಲ” ಎಂದು ಹೇಳಿ ಉಳಿದದ್ದನ್ನು ಮೊಮ್ಮಗಳ ಬಾಯಿಗೆ ಹಾಕಿದರು. ಆಮೇಲೆ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅಕ್ಕನ ಕಡೆ ತಿರುಗಿ ಹೇಳಿದರು:

“ಕುಸುರೆಳ್ಳಿಗಿ ಕಣ್ಣು ಬೇಕಾಗಿಲ್ಲವ್ವ, ಕೈ ಸಾಕು. ಪಾಕ ನೀ ಕಾಸಿ ಕೊಡು. ನಾಳಿ ಪ್ಯಾಟಿಗಿ ಹೋದವರಿಗಿ ಬಿಳೇ ಎಳ್ಳು ತರಾಕ ಹೇಳು.”

ಅಕ್ಕ ಪೇಟೆಯ ಚೀಟಿಯನ್ನು ತೆಗೆದು, ಎಷ್ಟು ಬೇಕೆಂದು ಕೇಳಿದಳು.