ನಾಲ್ವರ ಗಾಡಿ, ಒಂದು ನೋಟ್‌ಬುಕ್

"ಗಾಡಿ ಇದ್ಯಾ ಮಗಾ?"

ನಮ್ಮ ಕ್ಯಾಂಪಸ್ಸಿನಲ್ಲಿ "ಅಸೈನ್‌ಮೆಂಟ್ ಆಯ್ತಾ?" ಅನ್ನೋದಕ್ಕಿಂತ ಹೆಚ್ಚು ಸಲ ಕೇಳಿಸುವ ಪ್ರಶ್ನೆ ಇದು. ರೆಕಾರ್ಡ್ ಜೆರಾಕ್ಸ್ ಮಾಡಿಸೋಕೆ, ಊರಿಂದ ಬಂದ ಅಪ್ಪನನ್ನು ಬಸ್ ಸ್ಟ್ಯಾಂಡಿನಿಂದ ಕರ್ಕೊಂಡು ಬರೋಕೆ, ರಾತ್ರಿ ಹನ್ನೊಂದಕ್ಕೆ ಎಗ್ ರೈಸ್ ತಿನ್ನೋಕೆ, ಎಲ್ಲದಕ್ಕೂ ಗಾಡಿ ಬೇಕು. ಹಾಸ್ಟೆಲ್ಲಿನಲ್ಲಿ ಗಾಡಿ ಇರೋನು ಸಣ್ಣ ಜಮೀನ್ದಾರ ಇದ್ದ ಹಾಗೆ. ನಾವು ನಾಲ್ಕು ಜನ ರೂಮ್‌ಮೇಟ್‌ಗಳು ದುಡ್ಡು ಹಾಕಿ, ಪಾಸಾಗಿ ಹೋಗುತ್ತಿದ್ದ ಸೀನಿಯರ್ ಒಬ್ಬರಿಂದ 110 ಸಿಸಿ ಸ್ಕೂಟರ್ ಒಂದನ್ನು ಕೊಂಡೆವು. ಬಣ್ಣ ಮಾಸಿತ್ತು, ಸೀಟು ಹರಿದಿತ್ತು, ಎಂಜಿನ್ ಮಾತ್ರ ಗಟ್ಟಿಯಾಗಿತ್ತು.

ಕೊಂಡ ದಿನವೇ ಗೇಟಿನೆದುರಿನ ಮೆಕ್ಯಾನಿಕ್ ಅಣ್ಣ ಒಂದು ಮಾತು ಹೇಳಿದರು: "ನಾಲ್ಕು ಜನ ಓಡಿಸೋ ಗಾಡಿ ಬೇಗ ಸಾಯುತ್ತೆ ಕಣ್ರಪ್ಪಾ. ಓಡಿಸೋಕೆ ಎಲ್ಲಾರೂ ಇರ್ತೀರಾ, ಆಯಿಲ್ ನೋಡೋಕೆ ಯಾರೂ ಇರಲ್ಲ." ನಮಗೆ ಇದು ನಾಟಿತು. ನಾಲ್ಕು ಜನ ಸೇರಿ ಮಾಡಿದ ಗ್ರೂಪ್ ಪ್ರಾಜೆಕ್ಟ್ ರಿಪೋರ್ಟಿನ ಗತಿ ನಮಗೆ ಗೊತ್ತಿರುವುದೇ ತಾನೆ? ಹಾಗಾಗಿ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು ಡಿಕ್ಕಿಯಲ್ಲಿ ಇಟ್ಟೆವು. ಗಾಡಿ ತಗೊಂಡು ಹೋದವನು ವಾಪಸ್ ಬಂದ ಮೇಲೆ ತಾರೀಕು, ಕಿಲೋಮೀಟರ್, ಪೆಟ್ರೋಲ್, ಏನಾದರೂ ಬೇರೆ ಥರ ಅನ್ನಿಸಿದರೆ ಅದು, ಇಷ್ಟನ್ನು ಬರೆಯಬೇಕು. ಏನೂ ಅನ್ನಿಸದಿದ್ದರೆ "ಸರಿ ಇದೆ" ಅಂತಾದರೂ ಬರೆಯಬೇಕು. ಮುಂದಿನವನು ಕೀಲಿ ತಿರುಗಿಸುವ ಮುಂಚೆ ಕೊನೆಯ ಸಾಲು ಓದಬೇಕು.

ಮೊದಲ ಪುಟ ಕಾಗದಪತ್ರಕ್ಕೆ ಹೋಯಿತು. ಫಾರ್ಮ್ 29 ಮತ್ತು 30 ತುಂಬಿ ಆರ್‌ಸಿಯನ್ನು ನಮ್ಮಲ್ಲೊಬ್ಬನ ಹೆಸರಿಗೆ ಮಾಡಿಸಿದೆವು. ಥರ್ಡ್ ಪಾರ್ಟಿ ಇನ್ಶೂರೆನ್ಸ್, ಹೊಗೆ ತಪಾಸಣೆ ಸರ್ಟಿಫಿಕೇಟ್ ಮುಗಿಯುವ ದಿನಗಳನ್ನು ಕೆಂಪು ಇಂಕಿನಲ್ಲಿ ಬರೆದೆವು. ಲೈಸೆನ್ಸ್ ಇಲ್ಲದವನ ಕೈಗೆ ಗಾಡಿ ಕೊಟ್ಟರೆ ಮೋಟಾರು ವಾಹನ ಕಾಯ್ದೆಯಲ್ಲಿ ಓಡಿಸಿದವನ ಜೊತೆ ಮಾಲೀಕನೂ ಸಿಕ್ಕಿಬೀಳುತ್ತಾನೆ. "ಗೇರ್ ಇಲ್ವಲ್ಲ ಮಗಾ, ಇದಕ್ಕೆಂಥ ಲೈಸೆನ್ಸು?" ಅಂತ ಕೇಳಿದವರಿಗೆಲ್ಲ ನಾವು ಕೊಟ್ಟಿದ್ದು ಟೀ ಮಾತ್ರ, ಕೀಲಿ ಅಲ್ಲ.

ಶುರುವಿನಲ್ಲಿ ಪಕ್ಕದ ರೂಮಿನವರು ನಮ್ಮನ್ನು ಆಡಿಕೊಂಡಿದ್ದು ಅಷ್ಟಿಷ್ಟಲ್ಲ. "ಗಾಡಿಗೂ ಅಟೆಂಡೆನ್ಸಾ?" ಅನ್ನುತ್ತಿದ್ದರು. ಜನವರಿಯ ಒಂದು ರಾತ್ರಿ ಆ ನಗು ನಿಂತಿತು.

ಎರಡೂವರೆ ಗಂಟೆಗೆ ನಮ್ಮಲ್ಲೊಬ್ಬನಿಗೆ ಊರಿಂದ ಫೋನ್ ಬಂತು. ತಾತನಿಗೆ ಸೀರಿಯಸ್ಸು, ಕೂಡಲೇ ಹೊರಡು ಅಂತ. ನಾಲ್ಕರ ಬಸ್ ಹಿಡಿಯಬೇಕು. ಅವನನ್ನು ಬಿಟ್ಟುಬರಲು ಇನ್ನೊಬ್ಬ ಎದ್ದ. ಅವಸರದಲ್ಲೂ ಟಾರ್ಚ್ ಹಿಡಿದು ಪುಸ್ತಕ ತೆಗೆದರು. ಸಂಜೆ ಗಾಡಿ ತಂದು ನಿಲ್ಲಿಸಿದವನು ಬರೆದಿದ್ದ: "ಹಿಂದಿನ ಬ್ರೇಕ್ ಲಿವರ್ ತುಂಬಾ ಒಳಗೆ ಹೋಗ್ತಿದೆ. ಟೈಟ್ ಮಾಡ್ಬೇಕು. ಅಲ್ಲಿವರೆಗೂ ನಿಧಾನ ಹೋಗ್ರೋ." ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರದ ಹತ್ತಿರ ಬ್ರೇಕ್ ಕೇಬಲ್ಲಿನ ತುದಿಯಲ್ಲಿರುವ ನಟ್ಟನ್ನು ಅರ್ಧರ್ಧ ಸುತ್ತು ಬಿಗಿ ಮಾಡಿದರು. ಪ್ರತಿ ಸಲವೂ ಚಕ್ರವನ್ನು ಕೈಯಲ್ಲಿ ತಿರುಗಿಸಿ, ಎಲ್ಲೂ ಹಿಡಿಯುತ್ತಿಲ್ಲ ಅಂತ ನೋಡಿಕೊಂಡರು. ಡ್ರಮ್ಮಿನ ಪಕ್ಕದ ಬಾಣದ ಗುರುತು ಸವೆತದ ಗೆರೆಯನ್ನು ಇನ್ನೂ ಮುಟ್ಟಿರಲಿಲ್ಲ, ಅಂದರೆ ಬ್ರೇಕ್ ಶೂ ಬಾಕಿ ಇದೆ. ಇಷ್ಟಕ್ಕೆಲ್ಲ ಹಿಡಿದಿದ್ದು ಐದು ನಿಮಿಷ.

ಊರು ಹತ್ತಿರವಾಗುವ ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಒಂದು ಟೈರ್ ಪಂಕ್ಚರ್ ಆಗಿ ರಸ್ತೆ ಮೇಲೇ ನಿಂತಿತ್ತು. ಟ್ರೇಲರಿಗೆ ಹಿಂದೆ ದೀಪ ಇಲ್ಲ, ರಿಫ್ಲೆಕ್ಟರ್ ಇಲ್ಲ, ಹೊರಗೆ ಚಾಚಿದ ಕಬ್ಬಿನ ಜಲ್ಲೆಗಳು ಮಾತ್ರ. ಎರಡೂ ಬ್ರೇಕ್ ಹಿಡಿದು ಗಾಡಿ ನಿಂತಾಗ ಜಲ್ಲೆಗೂ ಹೆಲ್ಮೆಟ್ಟಿಗೂ ಒಂದು ಗಾಡಿಯಷ್ಟು ಜಾಗ ಉಳಿದಿತ್ತು. ಬಸ್ ಸಿಕ್ಕಿತು. ತಾತನ ಜೊತೆ ಅವನು ಎರಡು ದಿನ ಮಾತಾಡಿದ. ಮೂರನೇ ದಿನ ತಾತ ಹೋದರು.

ಆಮೇಲೆ ನಾವು ಅಬ್ಸರ್ವೇಶನ್ ಪುಸ್ತಕದ ಹಿಂದೆ ಕೂತು ಲೆಕ್ಕ ಹಾಕಿದೆವು. ಗಂಟೆಗೆ 40 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಕಣ್ಣು ಕಂಡು ಕೈ ಬ್ರೇಕ್ ಒತ್ತುವಷ್ಟರಲ್ಲಿ ಒಂದು ಸೆಕೆಂಡ್ ಹೋಯಿತು ಅಂತಿಟ್ಟುಕೊಳ್ಳಿ, ಆಗಲೇ 11 ಮೀಟರ್ ಖರ್ಚು. ಬ್ರೇಕ್ ಸೆಕೆಂಡಿಗೆ ಸೆಕೆಂಡಿಗೆ 5 ಮೀಟರಿನಂತೆ ವೇಗ ಇಳಿಸಿದರೆ ಇನ್ನೂ 12 ಮೀಟರ್. ಒಟ್ಟು 23. ಅದೇ 60ರಲ್ಲಿ ಹೋಗುತ್ತಿದ್ದರೆ 17 ಕೂಡಿಸು 28, ಒಟ್ಟು ಸುಮಾರು 45 ಮೀಟರ್. ವೇಗ ಒಂದೂವರೆ ಪಟ್ಟು, ನಿಲ್ಲುವ ದೂರ ಹೆಚ್ಚುಕಡಿಮೆ ಎರಡು ಪಟ್ಟು. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಸೂತ್ರಕ್ಕೆ ಕಬ್ಬಿನ ಜಲ್ಲೆ ಇರುತ್ತೆ ಅಂತ ಅವತ್ತು ಗೊತ್ತಾಯಿತು.

ಇನ್ನೊಂದು ಲೆಕ್ಕವೂ ಮಾಡಿದೆವು. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಬೀಳುತ್ತದೆ. ಎರಡು ಚಕ್ರಗಳ ಅಂತರ ಒಂದೂಕಾಲು ಮೀಟರ್, ಗುರುತ್ವಕೇಂದ್ರದ ಎತ್ತರ 0.6 ಮೀಟರ್ ಅಂತ ಹಿಡಿದರೂ ಒಟ್ಟು ಭಾರದ ಕಾಲು ಭಾಗದಷ್ಟು ಹಿಂದಿನ ಚಕ್ರದಿಂದ ಮುಂದಿನದಕ್ಕೆ ಹೋಗುತ್ತದೆ. ಹಿಂದಿನ ಬ್ರೇಕ್ ಒಂದನ್ನೇ ಒತ್ತಿದರೆ ಆ ಚಕ್ರ ಬೇಗ ಲಾಕ್ ಆಗಿ ಜಾರುವುದು ಇದಕ್ಕೇ. "ಮುಂದಿನ ಬ್ರೇಕ್ ಹಿಡಿದರೆ ಬೀಳ್ತೀಯಾ" ಅಂತ ನಮಗೆಲ್ಲ ಸೈಕಲ್ ಕಾಲದಲ್ಲಿ ಹೇಳಿಕೊಟ್ಟದ್ದು ಅರ್ಧ ಸತ್ಯ. ಹ್ಯಾಂಡಲ್ ತಿರುಗಿರುವಾಗ ಅಥವಾ ಮರಳಿನ ಮೇಲೆ ಗಕ್ಕನೆ ಹಿಡಿದರೆ ಬೀಳುತ್ತೀರಿ. ನೇರ ರಸ್ತೆಯಲ್ಲಿ ಎರಡನ್ನೂ ಒಟ್ಟಿಗೆ, ಹಂತಹಂತವಾಗಿ ಒತ್ತಿದರೆ ಬೇಗ ನಿಲ್ಲುತ್ತೀರಿ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಕಾಂಬಿ ಬ್ರೇಕ್ ಇಲ್ಲವೇ ಎಬಿಎಸ್ ಕಡ್ಡಾಯ ಆಗಿರುವುದರ ಹಿಂದಿನ ಯೋಚನೆಯೂ ಇಂಥದ್ದೇ.

ನಿರ್ವಹಣೆ ಅಂದರೆ ಸರ್ವಿಸ್‌ಗೆ ಬಿಡೋದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಆಯುಧಪೂಜೆ ದಿನ ತೊಳೆದು, ಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿದರೆ ಆ ವರ್ಷದ ಲೆಕ್ಕ ಚುಕ್ತಾ. ನಿಂಬೆಹಣ್ಣಿಗೆ ನಮ್ಮ ತಕರಾರಿಲ್ಲ, ನಾವೂ ಇಟ್ಟಿದ್ದೇವೆ. ಆದರೆ ಅವತ್ತು ಹೇಗೂ ಚಕ್ರದ ಮುಂದೆ ಬಗ್ಗಿರುತ್ತೀರಲ್ಲ, ಟೈರನ್ನೂ ಒಮ್ಮೆ ನೋಡಿ. ಟಿಡಬ್ಲ್ಯುಐ ಅಂತ ಗುರುತಿರುವ ಕಡೆ ಕಚ್ಚುಗಳ ಒಳಗೆ ಸಣ್ಣ ಉಬ್ಬು ಇರುತ್ತದೆ. ಟೈರ್ ಅಲ್ಲಿಯವರೆಗೆ ಸವೆದಿದ್ದರೆ ಬದಲಾಯಿಸಲೇಬೇಕು. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ: 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಗಾಳಿಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಬೇಡಿ, ಟೈರ್ ತಣ್ಣಗಿರುವಾಗ ಮೀಟರಿನಲ್ಲಿ ನೋಡಿ. ಎಷ್ಟಿರಬೇಕು ಅನ್ನೋದು ಗಾಡಿಯ ಕೈಪಿಡಿಯಲ್ಲಿದೆ, ಡಬಲ್ಸ್ ಹೋಗುವಾಗ ಹಿಂದಕ್ಕೆ ಹೆಚ್ಚು ಬೇಕು ಅನ್ನೋದೂ ಅಲ್ಲೇ ಇದೆ.

ಆಯಿಲ್ ವಿಷಯದಲ್ಲಿ ಮೆಕ್ಯಾನಿಕಲ್ ಬ್ರಾಂಚಿನವರಿಗೂ ಗೊತ್ತಿಲ್ಲದ ಒಂದು ಸಂಗತಿ ಇದೆ. ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಬಿ ಅಂತ ಬರೆದಿರುತ್ತಾರೆ. ಬೈಕಿನ ಕ್ಲಚ್ ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತದೆ, ಅದು ಜಾರಬಾರದು, ಅದಕ್ಕೆ ಎಂಎ. ಸ್ಕೂಟರಿನ ಕ್ಲಚ್ ಒಣಗಿದ್ದು, ಆಯಿಲ್‌ನಿಂದ ಹೊರಗೆ, ಹಿಂದಿನ ಪುಲ್ಲಿಯ ಜೊತೆ ಇರುತ್ತದೆ. ಹಾಗಾಗಿ ಘರ್ಷಣೆ ಇನ್ನೂ ಕಡಿಮೆ ಇರುವ ಎಂಬಿ ಇದಕ್ಕೆ ನಡೆಯುತ್ತದೆ. ಬೈಕಿಗೆ ಎಂಬಿ ಹಾಕಿದರೆ ಕ್ಲಚ್ ಜಾರುವ ಅಪಾಯ ಇದೆ. ಹಿಂದಿನ ಚಕ್ರದ ಗೇರ್‌ಬಾಕ್ಸಿಗೆ ಬೇರೆ ಆಯಿಲ್, ಅದನ್ನಂತೂ ಎಲ್ಲರೂ ಮರೆಯುತ್ತಾರೆ. ಎಡಗಡೆ ಮುಚ್ಚಳದ ಒಳಗಿನ ರಬ್ಬರ್ ಬೆಲ್ಟ್ ಕೂಡ ಹಾಗೇ. ಅದು ಹರಿದರೆ ಎಂಜಿನ್ ಕೂಗುತ್ತೆ, ಗಾಡಿ ಮುಂದಕ್ಕೆ ಹೋಗಲ್ಲ. ಓವರ್‌ಟೇಕ್ ಮಾಡುವಾಗ ಹೀಗಾದರೆ ಹೇಗಿರುತ್ತೆ ಯೋಚಿಸಿ.

ಈ ಬೆಲ್ಟು ಮತ್ತು ಕ್ಲಚ್ಚಿನಿಂದಲೇ ಇನ್ನೊಂದು ಎಚ್ಚರಿಕೆ ಹುಟ್ಟುತ್ತದೆ. ಚಾಮುಂಡಿ ಬೆಟ್ಟ ಇಳಿಯುವಾಗ ಪೆಟ್ರೋಲ್ ಉಳಿಸೋಕೆ ಎಂಜಿನ್ ಆಫ್ ಮಾಡುವ ಮಹಾನುಭಾವರನ್ನು ನೋಡಿದ್ದೇವೆ. ಬೈಕಿನಲ್ಲಿ ಗೇರ್ ಇಳಿಸಿದರೆ ಎಂಜಿನ್ನೇ ಗಾಡಿಯನ್ನು ತಡೆಯುತ್ತದೆ. ಸ್ಕೂಟರಿನಲ್ಲಿ ಇಳಿಸೋಕೆ ಗೇರೇ ಇಲ್ಲ, ವೇಗ ತೀರ ಕಡಿಮೆಯಾದರೆ ಕ್ಲಚ್ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಇಡೀ ಬೆಟ್ಟದ ಇಳಿಜಾರನ್ನು ಬ್ರೇಕ್ ಶೂಗಳೇ ಹೊರಬೇಕು, ಕಾದರೆ ಅವುಗಳ ಹಿಡಿತ ಕಡಿಮೆಯಾಗುತ್ತದೆ. ಮೊದಲಿಂದಲೇ ನಿಧಾನವಾಗಿ ಇಳಿಯಿರಿ, ಬ್ರೇಕನ್ನು ಒತ್ತಿ, ಬಿಟ್ಟು, ಮತ್ತೆ ಒತ್ತಿ. ನಡುವೆ ಒಂದು ಕಡೆ ನಿಲ್ಲಿಸಿ ಫೋಟೋ ತಗೊಳ್ಳಿ, ಬ್ರೇಕೂ ತಣ್ಣಗಾಗುತ್ತೆ.

ಉಳಿದವು ನಮ್ಮ ರಸ್ತೆಗಳು ಕಲಿಸಿದ ಪಾಠ. ಸುಗ್ಗಿಯಲ್ಲಿ ರಾಗಿ, ಹುರುಳಿ ಒಕ್ಕಣೆಗೆ ರಸ್ತೆ ಮೇಲೇ ಹರಡಿರುತ್ತಾರೆ. ಅದರ ಮೇಲೆ ಬ್ರೇಕ್ ಹಿಡಿಯಬೇಡಿ, ಹ್ಯಾಂಡಲ್ ತಿರುಗಿಸಬೇಡಿ, ಮುಂಚೆಯೇ ವೇಗ ಇಳಿಸಿ ನೇರವಾಗಿ ದಾಟಿ. ಮೊದಲ ಮಳೆಗೆ ರಸ್ತೆಯ ಆಯಿಲ್ ಮೇಲೆದ್ದು ಜಾರುತ್ತದೆ. ಸ್ಕೂಟರಿನ ಚಕ್ರ ಚಿಕ್ಕದು, ಬೈಕ್ ಸಲೀಸಾಗಿ ದಾಟುವ ಗುಂಡಿಯಲ್ಲಿ ಇದು ಪೂರ್ತಿ ಇಳಿಯುತ್ತದೆ, ಬಣ್ಣ ಹೊಡೆಯದ ಹಂಪ್ ಕೂಡ ಜೋರಾಗಿ ಹೊಡೆಯುತ್ತದೆ. ವೇಲು, ಸೆರಗು ಚಕ್ರಕ್ಕೆ ಸಿಗದ ಹಾಗೆ ಹಿಂದೆ ಕೂತವರು ಗಂಟು ಹಾಕಿಕೊಳ್ಳಲಿ. ಹೆಲ್ಮೆಟ್ ಮೇಲೆ ಐಎಸ್‌ಐ ಗುರುತು ಇರಲಿ, ಪಟ್ಟಿ ಹಾಕಿರಲಿ. ಪಟ್ಟಿ ಹಾಕದ ಹೆಲ್ಮೆಟ್ ಬೀಳುವಾಗ ನಿಮಗಿಂತ ಮುಂಚೆ ಹೋಗಿ ಬೀಳುತ್ತದೆ.

ಈ ಮೇ ತಿಂಗಳಲ್ಲಿ ನಾವೂ ಹೊರಡುತ್ತೇವೆ. ಗಾಡಿ ನೋಡೋಕೆ ಬಂದ ಇಬ್ಬರು ಜೂನಿಯರ್‌ಗಳು ಮೊದಲು ಕೇಳಿದ್ದು "ಮೈಲೇಜ್ ಎಷ್ಟು ಕೊಡುತ್ತೆ ಸೀನಿಯರ್?" ಅಂತ. ನಾವು ನೋಟ್‌ಬುಕ್ ಕೊಟ್ಟೆವು. ಮೈಲೇಜ್ ಅದರಲ್ಲೇ ಇದೆ, ಬೆಲ್ಟ್ ಯಾವಾಗ ಬದಲಾಯಿಸಿದ್ದು, ಎಡಗಡೆ ಇಂಡಿಕೇಟರ್ ಯಾಕೆ ಆಗಾಗ ಮುನಿಸಿಕೊಳ್ಳುತ್ತೆ ಅನ್ನೋದೂ ಇದೆ. ಅವರಲ್ಲೊಬ್ಬ ಪುಟ ತಿರುಗಿಸುತ್ತಾ ಜನವರಿಯ ಆ ಸಾಲಿನ ಹತ್ತಿರ ನಿಂತು, "ಇದಕ್ಕೆ ಯಾಕೆ ಸುತ್ತ ಗೆರೆ ಎಳೆದಿದ್ದೀರಾ?" ಅಂದ. ಟೀ ಕುಡೀತಾ ಹೇಳಿದೆವು. ಗಾಡಿಯ ಬೆಲೆಯಲ್ಲಿ ಐನೂರು ರೂಪಾಯಿ ಚೌಕಾಸಿ ಮಾಡಿದರು, ನಾವೂ ಬಿಟ್ಟುಕೊಟ್ಟೆವು. ಪುಸ್ತಕದಲ್ಲಿ ಇನ್ನೂ ಅರವತ್ತು ಪುಟ ಖಾಲಿ ಇದೆ, ಪೆನ್ನು ಡಿಕ್ಕಿಯಲ್ಲೇ ಇದೆ.